ತಳ್ಳಕ್ಕನ ಗೆರೆ

ಭಾನುವಾರ. ಬೀದಿದೀಪ ಇನ್ನೂ ಆರಿಲ್ಲ. ಬೇಕರಿ ಬೀದಿ ದೊಡ್ಡ ರಸ್ತೆಗೆ ಸೇರುವ ಕಡೆ ಒಬ್ಬ ಹೆಂಗಸು ಸೊಂಟ ಬಗ್ಗಿಸಿ, ರಸ್ತೆಗೆ ಅಡ್ಡಲಾಗಿ ಸೀಮೆಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದಾರೆ. ಮೈಮೇಲೆ ಮಿಂಚುಪಟ್ಟಿಯ ಜಾಕೆಟ್, ಕಂಕುಳಲ್ಲಿ ಟಾರ್ಚು, ಕಾಲಲ್ಲಿ ಗಂಡನ ಹಳೇ ಕ್ಯಾನ್ವಾಸ್ ಬೂಟು. ಪಾರ್ಕಿಂಗ್ ನೋಡಿಕೊಳ್ಳುವವರ ಕೊರಳಲ್ಲಿ ಸಾಮಾನ್ಯವಾಗಿ ನೇತಾಡುವ ಸೀಟಿ ಮಾತ್ರ ಇವರ ಕೊರಳಲ್ಲಿಲ್ಲ. ಯಾಕೆ ಅಂತ ಕೇಳಿದರೆ ಕೇಳಿದವರನ್ನೇ ದುರುಗುಟ್ಟಿ ನೋಡುತ್ತಾರೆ. "ಬೀದಿಯೆಲ್ಲ ಮಲಗಿದೆ, ಸೀಟಿ ಊದ್ಲಾ?"

ದೂರದಿಂದ ಮೊದಲ ಬೈಕಿನ ಗುಡುಗುಡು ಕೇಳಿಸುತ್ತದೆ. ತಳ್ಳಕ್ಕ ಗೆರೆಯ ಮೇಲೆ ನಿಂತು ಅಂಗೈಯನ್ನು ನೆಲದ ಕಡೆಗೆ ಒತ್ತಿ ತೋರಿಸುತ್ತಾರೆ. ಅಷ್ಟೇ. ಎಂಜಿನ್ ಸುಮ್ಮನಾಗುತ್ತದೆ. ಕಪ್ಪು ಜಾಕೆಟ್ಟಿನ ಭಾರೀ ಆಳು ಕೆಳಗಿಳಿದು, ತನ್ನಷ್ಟೇ ಭಾರೀ ಬೈಕನ್ನು ತಳ್ಳಿಕೊಂಡು ಹೊರಡುತ್ತಾನೆ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಇಬ್ಬರು ಹೆಣ್ಣುಮಕ್ಕಳು, ಆಮೇಲೆ ಸಾಲೋ ಸಾಲು. ಬೀದಿಯ ಉದ್ದಕ್ಕೂ ಕೇಳುವುದು ಟೈರಿನ ಸರಸರ, ಬೂಟಿನ ಸಪ್ಪಳ ಮತ್ತು ಏದುಸಿರು. ಹೊಟ್ಟೆ ಬೆಳೆಸಿಕೊಂಡ ಒಬ್ಬರು ಅರ್ಧದಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಾರೆ. ತಳ್ಳಕ್ಕ ಪಿಸುಮಾತಿನಲ್ಲೇ ಚುಚ್ಚುತ್ತಾರೆ: "ತಳ್ಳಣ್ಣಾ ತಳ್ಳು. ಜಿಮ್ಮಿಗೆ ಕಟ್ಟೋ ದುಡ್ಡು ಉಳೀತು ಅಂದ್ಕೋ."

ಬೀದಿಯ ಕೊನೆಯ ಸಂತೆ ಮೈದಾನದಲ್ಲಿ ವಾರದ ದಿನಗಳಲ್ಲಿ ತರಕಾರಿ ಗಾಡಿಗಳಿಗೆ ಜಾಗ ತೋರಿಸುವುದು, ಸಂಜೆ ಕಸ ಗುಡಿಸಿ ಗೇಟಿಗೆ ಬೀಗ ಹಾಕುವುದು ಇವರ ಕೆಲಸ. ಭಾನುವಾರ ಸಂತೆ ಇಲ್ಲ, ಬೈಕಿನವರು ಸೇರುತ್ತಾರೆ. ನೂರರ ಆಸುಪಾಸು ಬೈಕುಗಳು ಬರುತ್ತವೆ; ಹವಾಮಾನ ಚೆನ್ನಾಗಿದ್ದರೆ ಇನ್ನೂ ಜಾಸ್ತಿ. ಅವರು ಫ್ಲಾಸ್ಕಿನ ಚಹಾ ಹಂಚಿಕೊಂಡು, ಒಬ್ಬರ ಬೈಕನ್ನು ಒಬ್ಬರು ಮೆಚ್ಚಿ, ಮತ್ತೆ ಗೆರೆಯ ತನಕ ತಳ್ಳಿಕೊಂಡು ಹೋಗಿ ಊರಾಚೆ ಸವಾರಿ ಹೊರಡುತ್ತಾರೆ. ಬರುವಾಗಲೂ ತಳ್ಳು, ಹೋಗುವಾಗಲೂ ತಳ್ಳು. ಇಂಥವರಿಗೆ ತಳ್ಳಕ್ಕ ಅಂತಲ್ಲದೆ ಇನ್ನೇನು ಹೆಸರಿಡುತ್ತಾರೆ!

ತಮಾಷೆಯೆಂದರೆ, ಈ ಬೈಕಿನವರ ಮೇಲೆ ಮೊಟ್ಟಮೊದಲು ದೂರು ಕೊಟ್ಟವರೂ ಇವರೇ.

ತಳ್ಳಕ್ಕನ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ರಾತ್ರಿ ಪಾಳಿ ಮಾಡುವವರು. ಊರು ಏಳುವ ಹೊತ್ತಿಗೆ ಬ್ರೆಡ್ಡು ತಯಾರಿರಬೇಕು, ಹಾಗಾಗಿ ಊರು ಏಳುವ ಹೊತ್ತಿಗೆ ಇವರು ಮಲಗಬೇಕು. ಆ ಬೀದಿಯಲ್ಲಿ ಹೀಗೆ ಹಗಲು ಮಲಗುವವರೇ ಹೆಚ್ಚು: ಆಸ್ಪತ್ರೆಯ ಆಯಾಗಳು, ಕಾವಲುಗಾರರು, ಬೇಕರಿಯವರು. ಆಗೆಲ್ಲ ಬೈಕುಗಳು ಮೈದಾನದೊಳಕ್ಕೇ ಅಬ್ಬರಿಸಿಕೊಂಡು ಬರುತ್ತಿದ್ದವು, ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಒಂದು ಭಾನುವಾರ ಗಂಡನಿಗೆ ಕಣ್ಣು ಮುಚ್ಚಲಾಗಲಿಲ್ಲ. ಅವತ್ತು ರಾತ್ರಿ ಒಲೆಯ ಮುಂದೆ ತೂಕಡಿಸಿ, ಕಾದ ಟ್ರೇಗೆ ಮೊಣಕೈ ತಾಗಿಸಿಕೊಂಡರು. ಆ ಕಲೆ ಈಗಲೂ ಇದೆ. ತೋರಿಸಿ ಅಂದರೆ ತೋಳು ಮಡಚಿ ತೋರಿಸುತ್ತಾರೆ, ತಳ್ಳಕ್ಕ ಮುಖ ತಿರುಗಿಸಿಕೊಳ್ಳುತ್ತಾರೆ.

"ಆ ಸುಟ್ಟ ಗಾಯ ನೋಡಿದವಳೇ ಪೌರಾಡಳಿತದ ಆಫೀಸಿಗೆ ಓಡ್ದೆ. ನೋಡೋಣ ಹೋಗಮ್ಮ ಅಂದ್ರು. ನೋಡೋಣ ಅಂದ್ರೆ ಯಾರೂ ನೋಡಲ್ಲ ಅಂತ ನಂಗೊತ್ತಿಲ್ವಾ? ಮುಂದಿನ ಭಾನುವಾರ ನಾನೇ ಹೋಗಿ ರಸ್ತೆ ಮಧ್ಯೆ ನಿಂತ್ಕೊಂಡೆ, ಕೈಯಲ್ಲಿ ಪೊರಕೆ ಹಿಡ್ಕೊಂಡು."

ಎದುರಿಗೆ ಸಿಕ್ಕವರು ಗಡ್ಡಪ್ಪ. ಎದೆಯ ತನಕ ಗಡ್ಡ ಬಿಟ್ಟ, ಬೈಕಿನವರಿಗೆಲ್ಲ ಹಿರಿಯಣ್ಣನಂತಿರುವ ಬಡಗಿ. "ನಿಮ್ಮಮ್ಮ ಮಲಗಿದ್ದಾಗ ಮನೆಗೆ ಹೀಗೇ ಹೋಗ್ತೀಯೇನಪ್ಪಾ?" ಎಂದು ತಳ್ಳಕ್ಕ ಕೇಳಿದರಂತೆ. ಗಡ್ಡಪ್ಪ ಎಂಜಿನ್ ಆರಿಸಿ, ಇಳಿದು, ತಳ್ಳತೊಡಗಿದರು. ಹಿಂದೆ ಬಂದವರಿಗೆ ಈ ಮಾತುಕತೆ ಏನು ಗೊತ್ತು? ಗಡ್ಡಪ್ಪನ ಬೈಕು ಕೆಟ್ಟಿದೆ ಅಂದುಕೊಂಡರು. ಬೈಕಿನವರಲ್ಲಿ ಒಂದು ಕಟ್ಟಳೆಯಿದೆ: ಒಬ್ಬ ತಳ್ಳುತ್ತಿದ್ದರೆ ಇನ್ನೊಬ್ಬ ಅವನನ್ನು ದಾಟಿ ಸವಾರಿ ಮಾಡಿಕೊಂಡು ಹೋಗುವಂತಿಲ್ಲ. ಎಲ್ಲರೂ ಇಳಿದರು, ಎಲ್ಲರೂ ತಳ್ಳಿದರು. ಮೈದಾನ ಮುಟ್ಟಿದ ಮೇಲೆ ಬೈಕಿಗೆ ಏನೂ ಆಗಿಲ್ಲ ಅಂತ ಗೊತ್ತಾಗಿ ಗಡ್ಡಪ್ಪನಿಗೆ ಚೆನ್ನಾಗಿ ಬೈದರು. ಅಷ್ಟು ಹೊತ್ತಿಗೆ ಬೀದಿ ಮಾತ್ರ ಸೊಗಸಾಗಿ ನಿದ್ದೆ ಮಾಡಿತ್ತು. ಅದರ ಮುಂದಿನ ವಾರ ತಳ್ಳಕ್ಕ ಅದೇ ಜಾಗದಲ್ಲಿ ಗೆರೆ ಎಳೆದು ನಿಂತರು, ಗಡ್ಡಪ್ಪ ಗೆರೆಯಲ್ಲೇ ಇಳಿದರು. ಅವರು ಇಳಿದ ಮೇಲೆ ಮುಗಿಯಿತಲ್ಲ!

ಹೀಗೆ ವರ್ಷಗಟ್ಟಲೆ ನಡೆದುಕೊಂಡು ಬಂದದ್ದಕ್ಕೆ ಈ ವರ್ಷ ಕುತ್ತು ಬಂತು. ಸಾರ್ವಜನಿಕ ಕಿರುಕುಳ ತಡೆಯುವ ಹೊಸ ಕಾನೂನು ಜಾರಿಯಾಯಿತು. ಅದರ ಪ್ರಕಾರ ಬೈಕಿನವರು ಗುಂಪಾಗಿ ಸೇರುವುದರಿಂದ ಜನರಿಗೆ ತೊಂದರೆಯಾಗಿರಲೇಬೇಕೆಂದಿಲ್ಲ; ಆಗಬಹುದು ಅನ್ನಿಸಿದರೂ ಸಾಕು, ಆ ಜಾಗದಲ್ಲಿ ಸೇರುವುದನ್ನೇ ನಿಷೇಧಿಸಬಹುದು. ಮೀರಿ ಬಂದವರಿಗೆ ದಂಡ, ಬೈಕು ಜಪ್ತಿ. ಸೈಲೆನ್ಸರ್ ಕಿತ್ತು ರಸ್ತೆಯಲ್ಲಿ ಕುಣಿಯುವವರ ಕಾಟ ಊರಿನ ಬೇರೆ ಕಡೆ ನಿಜಕ್ಕೂ ವಿಪರೀತವಾಗಿತ್ತು. ಸೇತುವೆಯ ಬಳಿ, ಸ್ಟೇಡಿಯಂ ಬಳಿ ಸೇರುತ್ತಿದ್ದವರನ್ನು ಎಬ್ಬಿಸಿದರು. ಮುಂದಿನ ಸರದಿ ಸಂತೆ ಮೈದಾನದ್ದು ಎಂದು ಗೇಟಿಗೆ ನೋಟಿಸು ಅಂಟಿಸಿದಾಗ ತಳ್ಳಕ್ಕ ಅದನ್ನು ಎರಡೆರಡು ಸಲ ಓದಿದರು.

"ಕಾನೂನು ಬೇಡ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಮೊದಲು ಕೇಳ್ಕೊಂಡು ಹೋದವಳೇ ನಾನು. ಆದ್ರೆ ಸದ್ದು ಮಾಡಿದವನನ್ನ ಹಿಡೀರಿ. ಸುಮ್ನೆ ಸೇರಿದವನನ್ನ ಯಾಕೆ ಹಿಡೀತೀರಿ?"

ನಿಷೇಧಿಸುವ ಮುನ್ನ ಪರೀಕ್ಷೆಗೆಂದು ಒಬ್ಬ ಅಧಿಕಾರಿ ಬಂದರು. ಹೇಳದೆ ಕೇಳದೆ ಒಂದು ಭಾನುವಾರ ಹಿಂದಿನ ಗೇಟಿನಿಂದ ಮೈದಾನಕ್ಕೆ ಬಂದು, ಸದ್ದು ಅಳೆಯುವ ಯಂತ್ರ ಹಿಡಿದು ನಿಂತರು. ಕಣ್ಣೆಲ್ಲ ಯಂತ್ರದ ಮೇಲೆ. ಒಳ್ಳೆಯ ಮನುಷ್ಯ, ಆದರೆ ಚಳಿಗೆ ನಡುಗುತ್ತಿದ್ದರು. ಕೊನೆಗೆ ತಾಳ್ಮೆ ಸಾಲದೆ, ಗೇಟಿನ ಹತ್ತಿರ ಬಂದಿದ್ದ ತಳ್ಳಕ್ಕನನ್ನು ಕೇಳಿದರು: "ಎಷ್ಟು ಹೊತ್ತಿಗಮ್ಮಾ ಬರೋದು ಇವ್ರೆಲ್ಲ?"

"ಹಿಂದೆ ತಿರುಗಿ ನೋಡಿ ಸಾರ್," ಅಂದರು ತಳ್ಳಕ್ಕ.

ತಿರುಗಿದರೆ ಮೈದಾನದ ಆ ಕಡೆಯೆಲ್ಲ ಬೈಕು! ಅಧಿಕಾರಿ ಕಣ್ಣು ಪಿಳಿಪಿಳಿ ಬಿಟ್ಟರು. ಅದೇ ಹೊತ್ತಿಗೆ, ಸೇತುವೆಯ ಕಡೆಯಿಂದ ಎಬ್ಬಿಸಿದ ಗುಂಪಿನ ಒಬ್ಬ ಹೊಸಬ, ಉಳಿದವರನ್ನು ನೋಡಿ ಇಲ್ಲಿಯ ತನಕ ತಳ್ಳಿಕೊಂಡು ಬಂದವನು, ಬೈಕಿನ ಮೇಲೆ ಕೂತು ಕಿಕ್ ಹೊಡೆಯಲು ಕಾಲೆತ್ತಿದ. ತಳ್ಳಕ್ಕನಿಗೆ ಯಂತ್ರ ಮರೆತುಹೋಯಿತು, ಅಧಿಕಾರಿ ಮರೆತುಹೋದರು. "ಇಳಿಸೋ ಕಾಲು!" ಎಂದು ಹಾಕಿದ ಒಂದೇ ಕೂಗಿಗೆ ಮರದ ಹಕ್ಕಿಗಳು ಎದ್ದುಹೋದವು. ಬೀದಿಯಲ್ಲಿ ಒಂದು ಕಿಟಕಿ ತೆರೆಯಿತು. ಅದರಲ್ಲಿ ಕೂದಲು ಕೆದರಿದ ಗಂಡನ ಮುಖ. "ಏನೇ ಅದು ಗಲಾಟೆ? ಮಲಗೋಕೆ ಬಿಡಲ್ವಾ?"

ನೂರು ಜನ ಬಾಯಿಗೆ ಕೈ ಅಡ್ಡ ಹಿಡಿದು, ಹೊಟ್ಟೆ ಹುಣ್ಣಾಗುವಷ್ಟು, ಸದ್ದಿಲ್ಲದೆ ನಕ್ಕರು. ಅವತ್ತು ಯಂತ್ರ ತೋರಿಸಿದ ಅತಿ ದೊಡ್ಡ ಸದ್ದು ತಳ್ಳಕ್ಕನದೇ. ಅಧಿಕಾರಿ ಅದನ್ನು ಹಾಗೆಯೇ ವರದಿ ಮಾಡಿದರು.

ವಿಚಾರಣೆ ನಡೆದದ್ದು ವಾರದ ನಡುವೆ, ಹಗಲು ಹೊತ್ತು, ಪೌರಾಡಳಿತದ ಸಭಾಂಗಣದಲ್ಲಿ. ಊರಿನ ಉಳಿದ ಕಡೆ ನಿಷೇಧ ಖಾಯಂ ಆಯಿತು. ಸಂತೆ ಮೈದಾನಕ್ಕೆ ಮಾತ್ರ ವಿನಾಯಿತಿ, ಆದರೆ ಷರತ್ತಿನ ಮೇಲೆ: ಗೆರೆಯಿಂದ ಈಚೆಗೆ ಯಾವ ಎಂಜಿನ್ನೂ ಚಾಲೂ ಇರಕೂಡದು, ಅದಕ್ಕೆ ಒಬ್ಬರು ಜವಾಬ್ದಾರಿ ಹೊರಬೇಕು. ಯಾರೇ ತಪ್ಪಿದರೂ ದಂಡ ಅವರ ತಲೆಗೆ. ಯಾರು ಹೊರುತ್ತೀರಿ ಎಂದು ಕೇಳಿದಾಗ ಗಡ್ಡಪ್ಪ ಎದ್ದು ನಿಂತರು. ಬೀದಿಯ ಆಯಾಗಳು ಒಪ್ಪಲಿಲ್ಲ. ಬೈಕಿನವರ ಮಾತಿಗೆ ಬೈಕಿನವನೇ ಜಾಮೀನಾದರೆ ನಂಬುವುದು ಹೇಗೆ, ಅಕ್ಕನೇ ಆಗಲಿ ಅಂದರು. ತಳ್ಳಕ್ಕ ಕೂತಲ್ಲೇ ಲೆಕ್ಕ ಹಾಕಿದರು. ಯಾರದೋ ಮಗ ಮರೆತು ಕಿಕ್ ಹೊಡೆದರೆ ದಂಡ ಕಟ್ಟುವುದು ಒಲೆಯ ಮುಂದೆ ದುಡಿದ ಗಂಡನ ಸಂಬಳದಿಂದ.

ಆಗ ಹಿಂದಿನ ಬಾಗಿಲಿಂದ ಒಬ್ಬರು ಬಂದರು. ತಲೆಯ ತುಂಬ ಹಿಟ್ಟು, ಕಣ್ಣು ಕೆಂಡ. ರಾತ್ರಿ ಪಾಳಿ ಮುಗಿಸಿ, ಇಷ್ಟು ವರ್ಷ ಹೆಂಡತಿ ಕಾದುಕೊಂಡು ಬಂದ ನಿದ್ದೆಯನ್ನು ಅವತ್ತೊಂದು ದಿನ ಬಿಟ್ಟು, ನೇರವಾಗಿ ಬಂದಿದ್ದರು. "ಬರ್ಕೊಳ್ಳಿ ಸಾರ್, ಇವಳದೇ ಹೆಸರು ಬರ್ಕೊಳ್ಳಿ. ಇವಳು ನಿಂತ ಗೆರೇನ ಇದುವರೆಗೆ ಯಾರೂ ದಾಟಿಲ್ಲ. ನಾನೂ ದಾಟಿಲ್ಲ."

ಸಭಾಂಗಣ ಬಿದ್ದೂ ಬಿದ್ದೂ ನಕ್ಕಿತು. ತಳ್ಳಕ್ಕ ಮಾತ್ರ ಅತ್ತರು. ಸರ್ಕಾರದ ಆದೇಶದಲ್ಲಿ ಈಗ ಅವರ ಹೆಸರಿದೆ. ಅದಾದ ಮೇಲೆ ಒಂದು ಸಲವೂ ದಂಡ ಬಿದ್ದಿಲ್ಲ.

ಈಗ ಮೈದಾನ ಖಾಲಿ. ಕೊನೆಯ ಬೈಕನ್ನೂ ಗೆರೆಯ ಕಡೆಗೆ ತಳ್ಳಿಕೊಂಡು ಹೋಗಿದ್ದಾರೆ. ತಳ್ಳಕ್ಕ ಕಾಗದದ ಲೋಟಗಳನ್ನು ಆರಿಸಿ ಚೀಲಕ್ಕೆ ತುಂಬುತ್ತಿದ್ದಾರೆ. ಗೆರೆಯಾಚೆ ಸ್ವಲ್ಪ ದೂರ ಹೋದ ಮೇಲೆಯೇ ಒಬ್ಬೊಬ್ಬರಾಗಿ ಚಾಲೂ ಮಾಡುವುದು ರೂಢಿ, ಹಾಗಾಗಿ ಇಲ್ಲಿಗೆ ಏನೂ ಕೇಳಿಸುವುದಿಲ್ಲ. ನಿಮಗೇನಾದರೂ ಆಸೆ ಇದೆಯಾ ಅಂದರೆ ಮೊದಲು ಇಲ್ಲ ಅನ್ನುತ್ತಾರೆ. ಆಮೇಲೆ ತಮ್ಮ ಮನೆಯ ಕಿಟಕಿಯ ಕಡೆ ನೋಡಿ, ಪರದೆ ಮುಚ್ಚಿದೆ ಅಂತ ಖಾತ್ರಿ ಮಾಡಿಕೊಂಡು, ದನಿ ತಗ್ಗಿಸುತ್ತಾರೆ.

"ಗಡ್ಡಪ್ಪನಿಗೆ ಹೇಳಿಟ್ಟಿದೀನಿ. ಒಂದಿನ ನನ್ನನ್ನೂ ಇವರನ್ನೂ ಊರಾಚೆ ದೂರ ಎಲ್ಲಾದ್ರೂ, ಒಂದು ಮನೇನೂ ಇಲ್ದಿರೋ ಕಡೆ ಕರ್ಕೊಂಡು ಹೋಗು ಅಂತ. ಅಲ್ಲಿ ಎಲ್ಲಾ ಬೈಕೂ ಒಟ್ಟಿಗೆ ಚಾಲೂ ಮಾಡ್ಬೇಕು. ಇಷ್ಟು ವರ್ಷ ನನ್ನ ಕೈ ಕೆಳಗೆ ಸುಮ್ನಿದ್ವಲ್ಲ, ಅವು ಬಾಯಿ ಬಿಟ್ರೆ ಹೇಗಿರುತ್ತೆ ಅಂತ ಒಂದು ಸಲ ಕಿವಿ ತುಂಬ ಕೇಳ್ಬೇಕು."