ಅಮಾವಾಸ್ಯೆಯ ದಿನ ಕಳಚಿದ ಬ್ರೇಕು

ಕಾರಮಡೈ ಹತ್ತಿರದ ನೇಕಾರರ ಬೀದಿಯಲ್ಲಿ ಅಮಾವಾಸ್ಯೆ ಬಂತೆಂದರೆ ಮಗ್ಗಗಳಿಗೆ ರಜೆ. ಶೋಭನಾ ಆ ರಜೆಯನ್ನು ಕಾರಿನ ಪಕ್ಕದಲ್ಲಿ ನೆಲಕ್ಕೆ ಕೂತು ಕಳೆದಳು. ಹಿಂದಿನ ಎಡಚಕ್ರ ಒಂದು ವಾರದಿಂದ ಬಿಗಿದುಕೊಂಡು, ಓಡಿಸಿದರೆ ಸುಟ್ಟ ವಾಸನೆ ಬರುತ್ತಿತ್ತು. ಚಕ್ರವನ್ನು ಇಕ್ಕಳದಂತೆ ಹಿಡಿಯುವ ಬ್ರೇಕಿನ ಕ್ಯಾಲಿಪರ್ ಸಿಕ್ಕಿಕೊಂಡಿದೆ, ಇಷ್ಟು ಹಳೇ ಗಾಡಿಗೆ ಸಾಮಾನು ಸಿಗುವುದಿಲ್ಲ ಎಂದು ಗ್ಯಾರೇಜಿನವನು ಕೈಚೆಲ್ಲಿದ್ದ. ಅವಳ ಗಂಡನ ಅಣ್ಣ ಗೋಪಾಲಸಾಮಿಗೆ ಅಷ್ಟೇ ಬೇಕಾಗಿತ್ತು. ಯಾರನ್ನೂ ಕೇಳದೆ ಗುಜರಿಯ ರಾಜೇಂದ್ರನ್‌ಗೆ ಫೋನು ಮಾಡಿ, ಸಂಜೆ ನಾಲ್ಕಕ್ಕೆ ಬಂದು ಗಾಡಿ ಎತ್ತಿಕೊಂಡು ಹೋಗು ಎಂದುಬಿಟ್ಟಿದ್ದರು.

ಗಾಡಿ ಅವರದೇನಲ್ಲ, ಶೋಭನಾಳದು. ಮೊದಲೆಲ್ಲ ಅವಳು ನೇಯ್ದ ಸೀರೆಗಳನ್ನು ಕೊಯಮತ್ತೂರಿನ ಅಂಗಡಿಗಳಿಗೆ ಒಯ್ಯುತ್ತಿದ್ದವರು ಗೋಪಾಲಸಾಮಿ. ಅಂಚು ಯಾವ ಬಣ್ಣ, ಸೆರಗು ಹೇಗೆ, ಎಲ್ಲ ಅವರು ಬಂದು ಹೇಳಿದಂತೆ. ನಲವತ್ತೆರಡರಲ್ಲಿ ಶೋಭನಾ ಡ್ರೈವಿಂಗ್ ಕಲಿತಳು, ಮಿಲ್ಲಿನ ಯಜಮಾನರೊಬ್ಬರ ಹಳೇ ಕಾರು ಕೊಂಡಳು, ತನ್ನ ಸೀರೆಯನ್ನು ತಾನೇ ಒಯ್ದು ಅಂಗಡಿಯವರ ಎದುರು ಬಿಚ್ಚಿ ಮಾತಾಡತೊಡಗಿದಳು. ಗಂಡ ನವನೀತನ್‌ಗೆ ಸ್ಟಿಯರಿಂಗ್ ಕಂಡರೇ ಬೆವರು. ಪಕ್ಕದ ಸೀಟಿನಲ್ಲಿ ಸೀರೆಗಂಟು ತಬ್ಬಿಕೊಂಡು ಕೂರುತ್ತಾನೆ, ಪಾಪ. ಕಾರು ಹೋದರೆ ಗಂಟು ಮತ್ತೆ ಭಾವನ ಕೈಗೆ. ಪ್ರಾಣ ಹೋದರೂ ಅದಕ್ಕೆ ಒಪ್ಪುವವಳಲ್ಲ ಅವಳು.

"ಅಮ್ಮಣಿ, ಅಮಾಸೆ ದಿನ ಮಗ್ಗಾನೇ ಮುಟ್ಟಲ್ಲ ನಾವು. ನೀನು ಸ್ಪ್ಯಾನರ್ ಹಿಡ್ಕೊಂಡು ಕೂತಿದ್ದೀಯ?" ಎಂದರು ಗೋಪಾಲಸಾಮಿ.

"ಮಗ್ಗ ಮುಟ್ಟಿಲ್ಲ ಭಾವಾ. ಇದು ವಂಡಿ, ನನ್ನ ಗಾಡಿ."

ಅವರು ಅಂಗಳದ ಕಲ್ಲಿನ ಮೇಲೆ ಟವೆಲು ಹಾಸಿ, ತಮಾಷೆ ನೋಡಲು ಕೂತರು. ಶೋಭನಾ ಜಾಕ್ ಏರಿಸಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಚಕ್ರ ಬಿಚ್ಚಿದಳು. ಕ್ಯಾಲಿಪರಿನ ಎರಡು ಬೋಲ್ಟುಗಳೂ ಬಂದವು. ಹ್ಯಾಂಡ್‌ಬ್ರೇಕಿನ ತಂತಿ ಮಾತ್ರ ಕೊಂಡಿಯಿಂದ ಜಪ್ಪಯ್ಯ ಎಂದರೂ ಬಿಡಲಿಲ್ಲ. ಎಳೆದಳು, ಬಡಿದಳು, ಬೆರಳ ಗೆಣ್ಣು ಸುಲಿದುಕೊಂಡಳು.

"ವೇಂಡಾಂ ಅಮ್ಮಣಿ, ಬಿಟ್ಬುಡು," ಎಂದು ನಕ್ಕರು ಭಾವ.

ಆ ನಗುವಿಗೆ ಅವಳ ಮೈಯೆಲ್ಲ ಉರಿಯಿತು. ಮುಖ ತಿರುಗಿಸಿದಾಗ ತೆರೆದ ಬಾಗಿಲಿನಾಚೆ ಮಗ್ಗ ಕಂಡಿತು. ರಜೆಯ ಮುಂಚಿನ ಸಂಜೆ ಎಲ್ಲರೂ ಮಾಡುವಂತೆ, ಹಾಸುನೂಲನ್ನು ಎಳೆದು ಹಿಡಿಯುವ ಹಗ್ಗವನ್ನು ನಿನ್ನೆ ಅವಳೇ ಸಡಿಲಿಸಿದ್ದಳು. ಇಲ್ಲಿ? ಅಂಗಳ ಇಳಿಜಾರು, ಗಾಡಿ ಉರುಳೀತೆಂಬ ಭಯಕ್ಕೆ ಹ್ಯಾಂಡ್‌ಬ್ರೇಕನ್ನು ಬಲವಾಗಿ ಎಳೆದಿಟ್ಟು ಬಂದಿದ್ದಳು.

"ಮೂವತ್ತು ವರ್ಷ ಮಗ್ಗದಲ್ಲಿ ಕೂತವಳು, ಹಗ್ಗ ಬಿಗಿದಿಟ್ಟು ನೂಲು ಬಿಡಿಸೋಕೆ ಹೋಗಿದ್ದೀನಲ್ಲ!" ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ನೇರ ಭಾವನ ಮುಂದೆ ಹೋಗಿ ನಿಂತಳು. "ಎದ್ದೇಳಿ ಭಾವಾ, ಆ ಕಲ್ಲು ಬೇಕು."

ಗೋಪಾಲಸಾಮಿ ಏಳಲೇಬೇಕಾಯಿತು. ಕಲ್ಲನ್ನು ಉರುಳಿಸಿ ತಂದು ಮುಂದಿನ ಚಕ್ರಕ್ಕೆ ಒತ್ತುಕೊಟ್ಟಳು, ಹ್ಯಾಂಡ್‌ಬ್ರೇಕ್ ಇಳಿಸಿದಳು. ತಂತಿ ಜೋತುಬಿದ್ದು ಕೊಂಡಿಯಿಂದ ಸಲೀಸಾಗಿ ಕಳಚಿತು, ಹಿಂದೆಯೇ ಕ್ಯಾಲಿಪರೂ ಬಂತು. ಬ್ರೇಕಿನ ಪೈಪು ಜಗ್ಗದಂತೆ ಅದನ್ನು ಮಗ್ಗದ ಹಳೇ ಹುರಿಯಿಂದ ಮೇಲೆ ಕಟ್ಟಿದಳು. ಕ್ಯಾಲಿಪರ್ ಜಾರಬೇಕಾದ ಪಿನ್ನುಗಳು ತುಕ್ಕು ಹಿಡಿದು ಕೆಂಪಾಗಿದ್ದವು. ಅಷ್ಟೇ ರೋಗ. ಮರಳುಕಾಗದದಲ್ಲಿ ಉಜ್ಜಿ, ಗ್ರೀಸು ಹಚ್ಚಿ, ಎಲ್ಲವನ್ನೂ ಮೊದಲಿನಂತೆ ಜೋಡಿಸಿದಳು. ಚಕ್ರ ಒಂದೇ ಕೈಗೆ ತಿರುಗಿತು. ಜಾಕ್ ಇಳಿಸಿ, ಕಾಲಿಗೆ ಗಟ್ಟಿಯಾಗುವವರೆಗೆ ಬ್ರೇಕ್ ಪೆಡಲು ಒತ್ತಿ ನೋಡಿ, ಹ್ಯಾಂಡ್‌ಬ್ರೇಕನ್ನು ಮತ್ತೆ ಎಳೆದಿಟ್ಟಳು.

ನಾಲ್ಕಕ್ಕೆ ಸರಿಯಾಗಿ ರಾಜೇಂದ್ರನ್ ತನ್ನ ಲಾರಿಯನ್ನು ಗೇಟಿಗೆ ಅಡ್ಡ ನಿಲ್ಲಿಸಿ ಇಳಿದ. "ವಂಡಿ ರೆಡಿಯಾ ಅಕ್ಕಾ?"

"ರೆಡಿ. ಉಂಗ ವಂಡಿಯೈ ಎಡುಂಗ, ನಿಮ್ಮ ಲಾರಿ ತೆಗೀರಿ, ನಾನು ಹೋಗ್ಬೇಕು," ಎಂದಳು ಶೋಭನಾ.

ಅವನು ಗೋಪಾಲಸಾಮಿಯ ಮುಖ ನೋಡಿದ. ಅವರು ಟವೆಲು ಕೊಡವುತ್ತ ಆಕಾಶ ನೋಡಿದರು. ಲಾರಿ ಹಿಂದಕ್ಕೆ ಸರಿಯಿತು. ಶೋಭನಾ ಚಕ್ರದ ಕಲ್ಲನ್ನು ಪಕ್ಕಕ್ಕೆ ಉರುಳಿಸಿ, ಸೀರೆಗಂಟನ್ನು ಸೀಟಿನಲ್ಲಿಟ್ಟು, ಕಾರು ಹೊರಡಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಭಾವಾ, ನಿಮ್ಮ ಕಲ್ಲು ಅಲ್ಲೇ ಇದೆ. ಕೂತ್ಕೊಳ್ಳಿ."