ಸಾಕಿದ ಕೈಗೆ ಸಹಿಯ ಹಕ್ಕು

ಬೆಳಿಗ್ಗೆ ಐದೂವರೆ. ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ ಎದುರಿನ ದಿನಸಿ ಅಂಗಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ ಅಕ್ಕಿ ಚೀಲಗಳ ಪಕ್ಕ ಮಡಚುವ ಮೇಜು ಹಾಕಿಕೊಂಡು ಗೌರಕ್ಕ ಕೂತಿದ್ದಾರೆ. ಎದುರಿಗೆ ಫ್ಯಾಕ್ಟರಿ ಜಾಕೆಟ್ ತೊಟ್ಟ ಹೆಂಗಸು. ಕಾಯಿಲೆ ಬಿದ್ದ ತಂಗಿಯ ಕೂಸನ್ನು ಸಾಕುತ್ತಿದ್ದಾಳೆ, ಆರು ಗಂಟೆಯ ರೈಲು ಹಿಡಿಯಬೇಕು.

"ಲಸಿಕೆ ಪುಸ್ತಕ ತಂದೀಯೇನವಾ? ಜ್ವರಾ ಬಂದಾಗ ಯಾರು ರಜಾ ಹಾಕ್ತೀರಿ? ಎಲ್ಲಾ ಹೇಳು, ನಾ ಬರಕೋತೀನಿ."

ಹೆತ್ತವರು ಇಲ್ಲದಾಗ ಅಥವಾ ಕೈಬಿಟ್ಟಾಗ ಮಗುವನ್ನು ಎತ್ತಿಕೊಳ್ಳುವುದು ನಮ್ಮವರಿಗೆ ಹೊಸದಲ್ಲ. ಆದರೆ ಈ ದೇಶದಲ್ಲಿ ಪ್ರೀತಿಯೊಂದೇ ಸಾಲದು. ಆಪರೇಷನ್ನಿಗೆ, ಪಾಸ್‌ಪೋರ್ಟಿಗೆ ಸಹಿ ಹಾಕಬೇಕಾದರೆ ಮಗುವಿನ ಹೊಣೆ ನಿಮ್ಮದೆಂದು ಕೋರ್ಟು ಹೇಳಬೇಕು. "ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ" ಎಂದು ಕೇಳಿ ಬೆಳೆದ ನಾವು ಅತ್ತ ತಲೆ ಹಾಕಿಯೂ ಮಲಗುವುದಿಲ್ಲ. ಅಂಥವರ ಕೈ ಹಿಡಿದು ಮೆಟ್ಟಿಲು ಹತ್ತಿಸುವವರು ಈ ಐವತ್ತಾರರ ಗೌರಕ್ಕ.

ಧಾರವಾಡದಲ್ಲಿ ವಕೀಲರೊಬ್ಬರ ಬಳಿ ಹದಿನಾಲ್ಕು ವರ್ಷ ಟೈಪಿಸ್ಟ್ ಆಗಿದ್ದವರು. ಇಲ್ಲಿ ಆ ಅನುಭವಕ್ಕೆ ಯಾರೂ ಸೊಪ್ಪು ಹಾಕಲಿಲ್ಲ. ಮಧ್ಯಾಹ್ನದಿಂದ ಚಾಟ್ಸ್‌ವುಡ್‌ನ ಆಫೀಸುಗಳಲ್ಲಿ ನೆಲ ಒರೆಸುತ್ತಾರೆ, ಮಂಡಿ ನೋವಿದೆ. ಆದರೂ 2003ರಿಂದ ಈವರೆಗೆ ಮೂವತ್ತೇಳು ಕುಟುಂಬಗಳ ಕಾಗದ ಹೊಂದಿಸಿದ್ದಾರೆ. ಮೆಲ್ಬರ್ನಿನ ಡ್ಯಾಂಡಿನಾಂಗ್‌ನಿಂದಲೂ ಫೋನುಗಳು ಬರುತ್ತವೆ.

"ನಾ ಏನ್ ವಕೀಲಕಿ ಅಲ್ರೀ. ಕಾಯ್ದೆ ಗಾನವಿ ನೋಡ್ತಾಳ. ನಾ ಮನಿ ಸುದ್ದಿ ಕೇಳಿ ಬರದ ಕೊಡ್ತೀನಿ," ಎನ್ನುತ್ತಾರೆ. ಗಾನವಿ ಉಚಿತ ಕಾನೂನು ಕೇಂದ್ರದ ಯುವ ವಕೀಲೆ, ಇಲ್ಲೇ ಹುಟ್ಟಿದವಳು. ಗೌರಕ್ಕ ಕನ್ನಡದಲ್ಲಿ ಗದರುತ್ತಾರೆ, ಅವಳು ಇಂಗ್ಲಿಷಿನಲ್ಲಿ ವಾದಿಸುತ್ತಾಳೆ. ಕೆಲಸ ಮಾತ್ರ ಸಲೀಸು.

ಕಳೆದ ವರ್ಷ ಹುಬ್ಬಳ್ಳಿಯ ಶಂಭುಲಿಂಗ ಬಂದರು. ಇಲ್ಲಿ ಬಸ್ ಓಡಿಸುವವರು. ಅಪಘಾತದಲ್ಲಿ ತೀರಿಕೊಂಡ ಅಕ್ಕನ ಮಗಳು, ಏಳು ವರ್ಷದ ಐಶ್ವರ್ಯಾ, ಮೂರು ವರ್ಷದಿಂದ ಇವರ ಮನೆಯಲ್ಲೇ ಇದ್ದಾಳೆ. ಅಪ್ಪ ಪರ್ತ್ ಕಡೆ ಗಣಿ ಕೆಲಸಕ್ಕೆ ಹೋದವನು ಎರಡು ವರ್ಷದಿಂದ ಫೋನೂ ಮಾಡಿಲ್ಲ. ಹುಡುಗಿಗೆ ಕಿವಿಯ ಆಪರೇಷನ್ ಆಗಬೇಕು, ತಡವಾದರೆ ಕೇಳುವ ಶಕ್ತಿಯೇ ಹೋಗಬಹುದು. ಸಹಿ ಹಾಕುವ ಹಕ್ಕು ಯಾರಿಗಿದೆ ಎಂದು ಆಸ್ಪತ್ರೆ ಕೇಳಿತ್ತು.

"ನಮ್ಮ ಕೂಸಿಗೆ ನಾವ ಕೋರ್ಟಿಗೆ ಹೋಗಬೇಕೇನ್ರೀ ಅಕ್ಕಾರ?" ಶಂಭುಲಿಂಗರಿಗೆ ಅವಮಾನ. ಅದರ ಹಿಂದೆ ಒಂದು ಭಯವೂ ಇತ್ತು. "ಅಪ್ಪ ಎಲ್ಲಿ" ಎಂದು ಯಾರಾದರೂ ಕೇಳಿದರೆ ಮಗು ಅಳುತ್ತಿತ್ತು. ಹಾಗಾಗಿ ಶಾಲೆಯ ಫಾರ್ಮಿನಲ್ಲಿ ಅವರು ತಾವೇ ತಂದೆ ಎಂದು ಬರೆದುಬಿಟ್ಟಿದ್ದರು.

ಗೌರಕ್ಕ ಕಡ್ಡಿ ಮುರಿದಂತೆ ಹೇಳಿದರು: "ಸುಳ್ಳ ಬರದೀ ತಮ್ಮಾ. ಕೋರ್ಟಿಗೆ ಮೊದಲ ಅದನ್ನ ಹೇಳು. ಯಾಕ ಬರದಿ ಅನ್ನೂದೂ ಹೇಳು."

"ಕೂಸನ್ನ ಕಸಗೊಂಡ್ ಹೋದ್ರ?" ಎಂದು ಸಿಡುಕಿ ಹೋದ ಶಂಭುಲಿಂಗ ಹತ್ತೊಂಬತ್ತು ದಿನ ಈ ಕಡೆ ಸುಳಿಯಲಿಲ್ಲ. ಆಮೇಲೊಂದು ಬೆಳಿಗ್ಗೆ ಹುಡುಗಿಯ ಕೈ ಹಿಡಿದುಕೊಂಡೇ ಬಂದರು. ಹಿಂದಿನಿಂದ ಕರೆದರೆ ಅವಳು ತಿರುಗುವುದು ನಿಂತಿತ್ತು.

ಗೌರಕ್ಕ ಶಾಲೆಯ ಫಾರ್ಮನ್ನು ಮೊದಲು ತಿದ್ದಿಸಿದರು. ಅಫಿಡವಿಟ್‌ನ ಆರಂಭದಲ್ಲೇ ಆ ತಪ್ಪು, ಅದರ ಕಾರಣ ಎರಡೂ ಬಂದವು. ಗಾನವಿ ಅಪ್ಪನನ್ನು ಪತ್ತೆ ಹಚ್ಚಿದಳು, ಅವನು ಒಪ್ಪಿ ಸಹಿ ಕಳಿಸಿದ. ಪ್ಯಾರಮಟ್ಟಾ ಕೋರ್ಟಿನಲ್ಲಿ ನ್ಯಾಯಾಧೀಶರು ಆ ಭಾಗವನ್ನು ಎರಡು ಸಲ ಓದಿದರಂತೆ. ಫಾರ್ಮ್ ಸರಿಪಡಿಸಿದ್ದೀರಾ ಎಂದಷ್ಟೇ ಕೇಳಿದರು. ಶಂಭುಲಿಂಗ ಹೊಸ ಪ್ರತಿ ತೋರಿಸಿದರು. ಆದೇಶ ಸಿಕ್ಕಿತು, ಆಪರೇಷನ್ ಆಯಿತು. ಈಗ ಐಶ್ವರ್ಯಾ ಟಿವಿ ಸೌಂಡ್ ಜಾಸ್ತಿ ಅಂತ ಮಾವನಿಗೇ ಬೈಯುತ್ತಾಳೆ. ಕೇಳಿ ನನಗೂ ಖುಷಿಯಾಯಿತು.

ಕೋರ್ಟಿನ ದಿನವಾಗಲಿ ಆಪರೇಷನ್ನಿನ ದಿನವಾಗಲಿ ಗೌರಕ್ಕ ಅಲ್ಲಿರಲಿಲ್ಲ, ಕೆಲಸಕ್ಕೆ ರಜೆ ಸಿಗಲಿಲ್ಲ. ಬೇಜಾರಿಲ್ಲವೇ ಎಂದು ಕೇಳುತ್ತೇನೆ. ಕಾಗದ ಜೋಡಿಸುತ್ತಲೇ ಉತ್ತರಿಸುತ್ತಾರೆ:

"ಆಸ್ಪತ್ರ್ಯಾಗ ಸಂಬಂಧ ಏನು ಅಂತ ಕೇಳಿದ್ರಂತ. ಶಂಭುಲಿಂಗ ಸೋದರಮಾವ ಅಂತ ಬರದು, ತಲಿ ಎತ್ತಿ ಸಹಿ ಹಾಕ್ಯಾನಂತ. ನಂದೂ ತಲಿ ಎತ್ತೇ ಐತಿ ನೋಡ್ರಿ."