ಅಪ್ಪ ಕೂರಿಸಿದ ಪ್ರೊಸೆಸರ್

ನಮ್ಮ ಬಾಣಾವರದ ಕಡೆ ಹೊಸ ತೋಟ ಮಾಡುವವರು ಮೊದಲ ತೆಂಗಿನ ಸಸಿಯನ್ನು ಕೈಗುಣ ಇರುವವರಿಂದಲೇ ಇಡಿಸುತ್ತಾರೆ. ಸುತ್ತಲ ಹಳ್ಳಿಗಳಿಗೆಲ್ಲ ಆ ಕೈ ನಮ್ಮಪ್ಪನದಾಗಿತ್ತು. ಗುಣಿಯಲ್ಲಿ ಸಸಿ ಇಟ್ಟು, ಸುತ್ತ ಮಣ್ಣೆಳೆದು, ಅಂಗೈ ಊರಿ ಮೈಭಾರವೆಲ್ಲ ಬಿಟ್ಟು ಅದುಮುತ್ತಿದ್ದ. ಅಪ್ಪನಿಗೆ ಓದು ಅಷ್ಟಕ್ಕಷ್ಟೇ, ಜಮೀನೂ ಹೇಳಿಕೊಳ್ಳುವಷ್ಟಿರಲಿಲ್ಲ. ಊರಿನಲ್ಲಿ ನಾಲ್ಕು ಜನ ಅವನನ್ನು ಕಂಡರೆ ಎದ್ದು ಮಾತಾಡಿಸುತ್ತಿದ್ದುದು ಈ ಒಂದು ಕಾರಣಕ್ಕೆ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಅಣ್ಣ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಹಾಕಿದ. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ ಅದು. ಜೋಡಿಸುವ ಕೆಲಸವನ್ನು ನಾನೂ ಅವನೂ ಹಾಸನದಲ್ಲಿ ಒಟ್ಟಿಗೇ ಕಲಿತಿದ್ದೆವು. ಕೊಬ್ಬರಿ ಮಂಡಿ ಸಾಹುಕಾರರೊಬ್ಬರು ಮೊದಲ ಗಿರಾಕಿ. ಅವರ ಕಂಪ್ಯೂಟರನ್ನು ಅಂಗಡಿ ಪೂಜೆಯ ದಿನ ಎಲ್ಲರ ಎದುರೇ ಜೋಡಿಸುವುದು, ಪ್ರೊಸೆಸರನ್ನು ಅಪ್ಪನ ಕೈಯಿಂದ ಕೂರಿಸುವುದು ಎಂದು ಅಣ್ಣ ತೀರ್ಮಾನಿಸಿದ. ಅಪ್ಪನ ಮೇಲಿನ ಪ್ರೀತಿ ಅಂದುಕೊಂಡೆ. ಅವನಿಗೆ ಬೇಕಿದ್ದುದು ಫೋಟೊ.

ಪ್ರೊಸೆಸರ್ ಎಂದರೆ ಅಂಗೈಯಲ್ಲಿ ಮುಚ್ಚಿಹೋಗುವ ಚೌಕ, ಅಡಿಯಲ್ಲಿ ಸಾಲು ಸಾಲು ತೆಳ್ಳನೆಯ ಪಿನ್ನುಗಳು. ಮದರ್‌ಬೋರ್ಡಿನಲ್ಲಿ ಅದು ಕೂರುವ ಜಾಗದ ಪಕ್ಕಕ್ಕೆ ಒಂದು ಸಣ್ಣ ಕಂಬಿ ಇರುತ್ತದೆ. ಕಂಬಿ ಎತ್ತಿದರೆ ತೂತುಗಳು ಸಡಿಲವಾಗಿ ಪ್ರೊಸೆಸರ್ ತಾನಾಗಿ ಇಳಿಯುತ್ತದೆ, ಬೆರಳಿನಿಂದ ಒತ್ತುವುದೂ ಬೇಡ. ಎತ್ತದೆ ಒತ್ತಿದರೆ ಪಿನ್ನುಗಳ ಕಥೆ ಮುಗಿಯಿತು. ಕಂಬಿ ಎತ್ತಿಕೊಡಬೇಕಾದವನು ಅಣ್ಣ. ಅವನು ಫೋಟೊ ತೆಗೆಯುವವನ ಕಡೆ ತಿರುಗಿ ಕಾಲರ್ ಸರಿಮಾಡಿಕೊಳ್ಳುತ್ತಿದ್ದ. ಬಾಗಿಲ ಬಳಿ ಕೋಸಂಬರಿ ಹಂಚುತ್ತಿದ್ದ ನಾನು ನೋಡಿ, ಕಂಬಿ ಎತ್ತಿಲ್ಲ ಎಂದು ಕೂಗಿ ಹೇಳಿದೆ. ಸುಮ್ಮನಿರು ಎಂದು ಅಣ್ಣ ಕಣ್ಣಲ್ಲೇ ಗದರಿದ.

ಅಪ್ಪ ಕೈ ತೊಳೆದು, ಒರೆಸಿಕೊಂಡು ಬಂದಿದ್ದ. ಪ್ರೊಸೆಸರನ್ನು ಅಣ್ಣ ತೋರಿಸಿದ ಜಾಗದಲ್ಲಿಟ್ಟು, ಮೆಲ್ಲಗೆ ಕೇಳಿದ.

"ಅದುಮ್ಬೇಕೇನಪ್ಪಾ?"

"ಹೂಂ, ಅದುಮು. ಮುಖ ಇತ್ಲಾಗ್ ತಿರುಗ್ಸು."

ಅಪ್ಪ ತನಗೆ ಗೊತ್ತಿದ್ದ ಹಾಗೆ ಅದುಮಿದ. ಕರಕ್ ಎಂದಿತು. ಫೋಟೊ ಚೆನ್ನಾಗಿ ಬಂತು.

ಅಣ್ಣ ಎತ್ತಿ ನೋಡಿದರೆ ಪಿನ್ನುಗಳು ಎಮ್ಮೆ ಹೊರಳಿದ ರಾಗಿ ಹೊಲದ ಹಾಗೆ ಒಂದು ಮಗ್ಗುಲಿಗೆ ಮಲಗಿದ್ದವು, ಕೆಲವು ಮುರಿದೇ ಹೋಗಿದ್ದವು. ಅವನು ಮುಖ ಕೆಡಿಸಿಕೊಳ್ಳಲಿಲ್ಲ. ಸಾಹುಕಾರರ ಕಡೆ ತಿರುಗಿ ನಗುತ್ತಾ, "ಸಸಿ ನೆಡೋ ಕೈಗೆ ಕೊಟ್ಟಿದ್ದೇ ನನ್ ತಪ್ಪು ಕಣ್ರೀ. ಮುಟ್ಟಿದ್ದೆಲ್ಲಾ ಮಣ್ಣು," ಅಂದ. ಎಲ್ಲರೂ ನಕ್ಕರು. ಏನಾಯಿತೆಂದು ತಿಳಿಯದ ಅಪ್ಪನೂ ಅವರ ಜೊತೆ ನಕ್ಕ.

ಅಣ್ಣನನ್ನು ಒಳಗೆ ಕರೆದು ಜಾಡಿಸಿದೆ. ಅವನ ಉತ್ತರ ತಣ್ಣಗಿತ್ತು. "ತಪ್ಪು ನಂದು ಅಂದ್ರೆ ನಾಳೆ ಯಾರೇ ಬತ್ತಾರೆ ಅಂಗಡಿಗೆ? ಅಪ್ಪಂಗೇನ್ ಅಂಗಡಿ ಐತಾ?"

ಹೊರಗೆ ಬಂದು, ಅಲ್ಲಿ ಕೂತವರಿಗೆಲ್ಲ ಕಂಬಿಯ ವಿಷಯ ಹೇಳಿದೆ. ಹೆಣ್ಣುಮಗಳು ಅಪ್ಪನ ಪರ ವಹಿಸಿಕೊಳ್ಳುತ್ತಾಳೆ ಎಂದು ತಲೆಯಾಡಿಸಿ ಉಪ್ಪಿಟ್ಟು ತಿಂದರು. ಅಣ್ಣ ಆ ಮುರುಕು ಪ್ರೊಸೆಸರನ್ನು ಗಾಜಿನ ಶೋಕೇಸಿನಲ್ಲಿಟ್ಟು, ಬಂದ ಗಿರಾಕಿಗೆಲ್ಲ ಕಥೆ ಹೇಳಿ ನಗಿಸಿದ. ಕಥೆಗೆ ಕೈಕಾಲು ಬಂದು ಬಸ್ಸು ಹತ್ತಿ ಬಾಣಾವರ ಸೇರಿತು. ಅಪ್ಪ ಮುಟ್ಟಿದ್ದಕ್ಕೆ ಕಂಪ್ಯೂಟರೇ ಸುಟ್ಟುಹೋಯಿತಂತೆ ಎಂದು ನಮ್ಮ ಬೀದಿಯವರೇ ನನಗೆ ಹೇಳಿದರು.

ಮುಂದಿನ ಮುಂಗಾರಿನಲ್ಲಿ ಅಪ್ಪನನ್ನು ಕರೆಯಲು ಯಾರೂ ಬರಲಿಲ್ಲ. ನಮ್ಮ ಬದುವಿನಾಚೆಯೇ ದಾಯಾದಿಯೊಬ್ಬರು ತೋಟ ಹಾಕಿದರು. ಸಸಿ ಇಡುವ ದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಜಗಲಿಯಲ್ಲಿ ಕೂತ. ಅವರು ನಮ್ಮ ಮನೆಯ ಮುಂದೆಯೇ ಹಾದು, ಬೇರೆ ಯಾರನ್ನೋ ಕರೆದುಕೊಂಡು ಹೋದರು. ಊಟದ ಹೊತ್ತಾದರೂ ಅಪ್ಪ ಜಗಲಿಯಿಂದ ಎದ್ದಿರಲಿಲ್ಲ.

ನಾನು ಅಂಗಡಿಯಿಂದ ಒಂದು ಹಳೆಯ ಮದರ್‌ಬೋರ್ಡು ತಂದು, ಅಪ್ಪನಿಗೆ ಕಂಬಿ ಎತ್ತಿ ಇಳಿಸಿ ತೋರಿಸಿದೆ. ಅವನದೇನೂ ತಪ್ಪಿಲ್ಲವೆಂದು ಬಿಡಿಸಿ ಹೇಳಿದೆ. ಗಮನವಿಟ್ಟು ನೋಡಿದ.

"ನೀನ್ ಹೇಳೋದು ದಿಟಾನೇ ಕಣವ್ವ. ಜನ ನಂಬ್ದಿದ್ ಮ್ಯಾಲೆ ಕೈಗೆ ಗುಣ ಎಲ್ಲಿಂದ ಬತ್ತೈತೆ?"

ಆ ವರ್ಷ ನಮ್ಮ ತೋಟದಲ್ಲಿ ಒಂದು ತೆಂಗಿನ ಮರ ಒಣಗಿತ್ತು. ಆ ಜಾಗದಲ್ಲಿ ಹೊಸ ಸಸಿಗೆ ಅಪ್ಪ ತಾನೇ ಗುಣಿ ತೋಡಿ, ಗೊಬ್ಬರ ಹಾಕಿ, ನೀರು ತಂದಿಟ್ಟ. ಆಮೇಲೆ ಹೋಗಿ ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡು ಬಂದ. ಹುಡುಗ ಸಸಿ ಹಿಡಿದು ಸಂಕೋಚಪಟ್ಟು, ನೀವೇ ಇಡಿ ಎಂದ.

"ಬ್ಯಾಡ ಕಣಪ್ಪ," ಅಂದ ಅಪ್ಪ. "ಬದುಕ್ಬೇಕು ಅದು."